ಚಾರ್ಮಾಡಿ ಏರಲ್ಲಿ ನಿಲ್ತಿದ್ದ ಹಳೇ ಕಾರು: ಮನೇಲೇ ಫ್ಯೂಯಲ್ ಪಂಪ್ ಬದಲಿಸಿದ ಒಂದು ಪ್ರಕರಣ

ಇದು ಮೂಡಿಗೆರೆ ತಾಲ್ಲೂಕಿನ ಒಂದು ಮನೇಲಿ ನಡೆದಿದ್ದು. ಊರು, ಹೆಸರು, ಕಾರಿನ ಕಂಪನಿ ಯಾವುದೂ ಹಾಕಲ್ಲ, ಅವರಿಗೆ ಹಾಗಂತ ಮಾತು ಕೊಟ್ಟಿದ್ದೀನಿ. ಕಾರಿನ ಓನರ್ ರಿಟೈರ್ಡ್ ಸ್ಕೂಲ್ ಮೇಷ್ಟ್ರು, ಒಂದಿಷ್ಟು ಕಾಫಿ ತೋಟ ಇದೆ, ಅವರನ್ನ ಮೇಷ್ಟ್ರು ಅಂತಾನೇ ಕರೀತೀನಿ. ಕೈಕೆಲಸಕ್ಕೆ ನಿಂತಿದ್ದು ಅವರ ಅಕ್ಕನ ಮಗ, ಐಟಿಐ ಓದಿರೋ ಹುಡುಗ. ನಾನು ಬಹಳ ಕಾಲದಿಂದ ಗಾಡಿ ವೈರಿಂಗ್ ಕೆಲಸ ಮಾಡ್ಕೊಂಡಿರೋನು. ಈ ಕೇಸನ್ನ ಇಷ್ಟು ವಿವರವಾಗಿ ಬರೀತಿರೋದು ಯಾಕಂದ್ರೆ ಇಲ್ಲಿ ಪಂಪ್ ನಿಜವಾಗ್ಲೂ ವೀಕ್ ಆಗಿತ್ತು, ಮನೆಯವರು ಅಂದ್ಕೊಂಡಿದ್ದು ಸರೀನೇ ಇತ್ತು, ಆದ್ರೆ ಬರೀ ಪಂಪ್ ಬದಲಿಸಿ ಸೀಟ್ ಮುಚ್ಚಿದ್ರೆ ಏರಲ್ಲಿ ಅದೇ ತೊಂದರೆ ಉಳೀತಿತ್ತು, ಜೊತೆಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಪಕ್ಕದಲ್ಲೇ ಬಿಸಿಯಾಗ್ತಿದ್ದ ಒಂದು ವೈರ್ ಜಾಯಿಂಟ್ ಕೂಡ ಹಾಗೇ ಉಳೀತಿತ್ತು.

ಗಾಡಿ, ಬಳಕೆ

2006ರ ಮಾಡೆಲ್ ಪೆಟ್ರೋಲ್ ಕಾರು, ಸಣ್ಣದು, ಎಂಪಿಎಫ್‌ಐ ಇಂಜಿನ್, ಅಂದ್ರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿಂದ ಪೆಟ್ರೋಲ್ ಸಿಂಪಡಿಸೋದು. ಪಂಪ್ ಟ್ಯಾಂಕಿನ ಒಳಗೇ ಇರುತ್ತೆ, ಪೆಟ್ರೋಲಲ್ಲಿ ಮುಳುಗಿರೋ ಸಣ್ಣ ಮೋಟಾರು, ಅದಕ್ಕೆ ತಂಪು ಕೊಡೋದೂ ಅದರ ಒಳಗಿನ ಭಾಗಗಳಿಗೆ ಜಾರಿಕೆ ಕೊಡೋದೂ ಪೆಟ್ರೋಲೇ. ಹಳೇ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಇಂಜಿನ್ ಪಕ್ಕ ಕೂರ್ತಿದ್ದ ಮೆಕ್ಯಾನಿಕಲ್ ಪಂಪಿಗೂ ಇದಕ್ಕೂ ಸಂಬಂಧ ಇಲ್ಲ. ಈ ಕಾರಲ್ಲಿ ಹಿಂದಿನ ಸೀಟ್ ಎತ್ತಿದ್ರೆ ಕೆಳಗೆ ಒಂದು ತಗಡಿನ ಮುಚ್ಚಳ, ಅದರ ಕೆಳಗೆ ಪಂಪಿನ ತಲೆ. ಟ್ಯಾಂಕ್ ಇಳಿಸೋ ಅಗತ್ಯ ಇಲ್ಲ. ಮನೇಲಿ ಮಾಡೋ ಯೋಚನೆಗೆ ದಾರಿ ಆಗಿದ್ದೇ ಇದು.

ಮೇಷ್ಟ್ರು ಇದನ್ನ ಹಾಸನದ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಓಡಾಟ ಕಡಿಮೆ, ಮೂಡಿಗೆರೆ ಸಂತೆ, ಚಿಕ್ಕಮಗಳೂರು ಆಸ್ಪತ್ರೆ, ಆಗಾಗ ಉಜಿರೆಯಲ್ಲಿರೋ ಮಗಳ ಮನೆ. ಬಂಕಿಗೆ ಹೋದ್ರೆ ಐನೂರು ರೂಪಾಯಿಗೆ ಹಾಕ್ಸೋದು, ಮತ್ತೆ ಮುಳ್ಳು ಕೆಳಗೆ ಬರೋವರೆಗೂ ಓಡಿಸೋದು. ಆಷಾಢದ ಮಳೇಲಂತೂ ಗಾಡಿ ವಾರಗಟ್ಟಲೆ ಶೆಡ್ಡಲ್ಲೇ, ಮುಕ್ಕಾಲು ಖಾಲಿ ಟ್ಯಾಂಕಿನ ಜೊತೆ. ಇದನ್ನ ತಪ್ಪು ಅಂತ ಹೇಳ್ತಿಲ್ಲ, ಮಲೆನಾಡಲ್ಲಿ ನೂರಾರು ಗಾಡಿ ಇರೋದೇ ಹೀಗೆ, ಆದ್ರೆ ಮುಂದೆ ಟ್ಯಾಂಕಲ್ಲಿ ಏನು ಸಿಕ್ತು ಅನ್ನೋದಕ್ಕೆ ಈ ಮಾತು ಬೇಕಾಗುತ್ತೆ.

ತೊಂದರೆ ಶುರುವಾಗಿದ್ದು

ಮೊದಲು ಬೆಳಗ್ಗೆ ಹೊತ್ತು ಸೆಲ್ಫ್ ಉದ್ದಕ್ಕೆ ಹೊಡೀಬೇಕಾಯ್ತು. ಆಮೇಲೆ ಏರಲ್ಲಿ ಪಿಕಪ್ ಬಿಡೋದು, ಜರ್ಕ್. ಒಂದು ಮಧ್ಯಾಹ್ನ ಉಜಿರೆಯಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತುತ್ತಾ ತಿರುವಿನಲ್ಲಿ ಆಫ್ ಆಗೇಬಿಡ್ತು, ಹಿಂದೆ ಲಾರಿ, ಫೋನಿಗೆ ಸಿಗ್ನಲ್ ಇಲ್ಲ, ಪಕ್ಕದ ಸೀಟಲ್ಲಿ ಅವರ ಹೆಂಡ್ತಿ. ಅರ್ಧ ಗಂಟೆ ತಣ್ಣಗಾದ ಮೇಲೆ ಸ್ಟಾರ್ಟ್ ಆಗಿ ಕೊಟ್ಟಿಗೆಹಾರದವರೆಗೆ ಬಂತು.

ಗ್ಯಾರೇಜಲ್ಲಿ ಪ್ಲಗ್ ಹೊಸದು ಹಾಕಿದ್ರು, ಇಂಜಿನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಕ್ಲೀನ್ ಮಾಡಿದ್ರು. ಒಂದೆರಡು ವಾರ ಸರಿ ಇದ್ದಹಾಗೆ ಅನಿಸ್ತು, ಅದು ಬರೀ ಸಪಾಟು ರಸ್ತೆ ಓಡಾಟ ಇದ್ದಿದ್ದಕ್ಕೆ ಅಂತ ನನ್ನ ಅಂದಾಜು. ಇನ್ನೊಬ್ಬರು ಈಗಿನ ಪೆಟ್ರೋಲಿಂದಾನೇ ಇದೆಲ್ಲ ಅಂದ್ರು. ಇದರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ ನೂರರಲ್ಲಿ 20 ಪಾಲು ಎಥೆನಾಲ್. ಅದನ್ನ ತಡೆಯೋ ರಬ್ಬರು ಪ್ಲಾಸ್ಟಿಕ್ಕು ಹಾಕಿ ಗಾಡಿ ಬರೋಕೆ ಶುರುವಾಗಿದ್ದು 2023ರ ಏಪ್ರಿಲಿಂದ, 2006ರ ಗಾಡಿ ಆ ಲೆಕ್ಕಕ್ಕೆ ಮಾಡಿದ್ದಲ್ಲ, ಹಳೇ ಸೀಲು ಹೋಸು ಬೇಗ ಸಾಯಬಹುದು ಅನ್ನೋದು ನಿಜವಾದ ಚಿಂತೆ. ಆದ್ರೆ ಕೈಲಿ ಮೀಟರ್ ಇದ್ರೂ ಅಳೀದೆ ಎಲ್ಲಾ ಪೆಟ್ರೋಲಿನ ತಲೆಗೆ ಕಟ್ಟೋದು ನನಗೆ ಒಪ್ಪೋದಿಲ್ಲ.

ಅಷ್ಟರಲ್ಲಿ ಹುಡುಗ ಒಂದು ಸಲ ಗಾಡಿ ಸ್ಟಾರ್ಟ್ ಆಗದೇ ಇದ್ದಾಗ ಮರದ ಸುತ್ತಿಗೇಲಿ ಟ್ಯಾಂಕಿನ ತಳಕ್ಕೆ ಮೆಲ್ಲಗೆ ತಟ್ಟಿ ನೋಡಿದಾನೆ, ತಕ್ಷಣ ಸ್ಟಾರ್ಟ್ ಆಗಿದೆ. ಪಂಪ್ ಮೋಟಾರಿನ ಒಳಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಸವೆದಿದ್ರೆ ಹೀಗಾಗುತ್ತೆ, ತಟ್ಟಿದಾಗ ಬ್ರಷ್ ಮತ್ತೆ ಕಚ್ಚಿಕೊಳ್ಳುತ್ತೆ. ಮೇಷ್ಟ್ರು ಆನ್‌ಲೈನಲ್ಲಿ ಸಾವಿರದ ಚಿಲ್ಲರೆಗೆ ಒಂದು ಮೋಟಾರ್ ತರಿಸಿಟ್ಟು ಆಮೇಲೆ ನನಗೆ ಫೋನ್ ಮಾಡಿದ್ರು. "ಪಂಪ್ ಬಂದಿದೆ ಕಣಪ್ಪ, ಹಾಕೋಕೆ ಜೊತೆಗೆ ಬಂದ್ರೆ ಸಾಕು" ಅಂತ.

ಮೊದಲು ಅಳೆದಿದ್ದು

ನಾನು ಹೋದವನೇ ಪಂಪ್ ಡಬ್ಬ ಪಕ್ಕಕ್ಕಿಡಿಸಿದೆ. ಏರಲ್ಲಿ ನಿಲ್ಲೋ ಗಾಡಿಗೆ ಕಾರಣ ಬೇರೆ ಇರಬಹುದು. ಇಂಜಿನ್ ತಿರುಗೋದನ್ನ ಗಮನಿಸೋ ಕ್ರ್ಯಾಂಕ್ ಸೆನ್ಸಾರ್ ಬಿಸಿಗೆ ಕೈಕೊಟ್ರೂ ಹೀಗೇ ನಿಂತು ತಣ್ಣಗಾದ ಮೇಲೆ ಹೊರಡುತ್ತೆ, ಆದ್ರೆ ಆಗ ಸ್ಪಾರ್ಕೇ ಬರಲ್ಲ. ಇಲ್ಲಿ ನಿಂತಾಗ ಸ್ಪಾರ್ಕ್ ಇತ್ತು ಅಂತ ಹುಡುಗ ಆಗಲೇ ನೋಡಿಟ್ಟಿದ್ದ, ಚುರುಕು ಹುಡುಗ. ಟ್ಯಾಂಕಿನ ಗಾಳಿ ದಾರಿ ಕಟ್ಟಿದ್ರೂ ಒಳಗೆ ನಿರ್ವಾತ ಕಟ್ಟಿ ಪೆಟ್ರೋಲ್ ಬರಲ್ಲ, ಪೆಟ್ರೋಲ್ ಹಾಕೋ ಕಡೆಯ ಮುಚ್ಚಳ ತೆಗೆದಾಗ ಗಾಳಿ ಎಳೆದ ಸದ್ದು ಇರ್ಲಿಲ್ಲ, ಅದೂ ಅಲ್ಲ. ಕೀ ಆನ್ ಮಾಡಿದಾಗ ಹಿಂದಿನಿಂದ ಎರಡು ಸೆಕೆಂಡ್ ಗುಂಯ್ ಅನ್ನೋ ಸದ್ದು ಬರಬೇಕು, ಬರ್ತಿತ್ತು, ಆದ್ರೆ ಎಳೆದೆಳೆದು. ಕೀನ ಮೂರ್ನಾಲ್ಕು ಸಲ ಆನ್ ಆಫ್ ಮಾಡಿ ಆಮೇಲೆ ಸೆಲ್ಫ್ ಹೊಡೆದ್ರೆ ಬೇಗ ಸ್ಟಾರ್ಟ್. ಅಂದ್ರೆ ನಿಲ್ಲಿಸಿದ ಮೇಲೆ ಲೈನಲ್ಲಿ ಪ್ರೆಷರ್ ನಿಲ್ತಿಲ್ಲ.

ಪ್ರೆಷರ್ ಗೇಜ್ ಒಬ್ಬ ಪರಿಚಯದವರ ಹತ್ರ ಎರವಲು ತಂದಿದ್ವಿ. ಈ ಗಾಡಿಗೆ ಇರಬೇಕಾಗಿದ್ದು ಹತ್ತಿರ ಹತ್ತಿರ 3.5 ಬಾರ್. ಸಿಕ್ಕಿದ್ದು ಐಡಲಲ್ಲಿ 2.4, ರೇಸ್ ಕೊಟ್ರೆ 2ರ ಕೆಳಗೆ. ಇಷ್ಟಕ್ಕೆ ಪಂಪ್ ಹೋಗಿದೆ ಅಂತ ತೀರ್ಮಾನ ಮಾಡೋರು ಬಹಳ ಜನ. ಸೀಟ್ ತೆಗೆದು, ತಗಡು ಬಿಚ್ಚಿ, ಟ್ಯಾಂಕ್ ಮುಚ್ಚಿದ್ದಹಾಗೇ ಇಂಜಿನ್ ಓಡಿಸ್ತಾ ಪಂಪಿನ ಕನೆಕ್ಟರ್ ಹಿಂದಿನಿಂದ ಮೀಟರ್ ಮುಳ್ಳು ಕೊಟ್ಟೆ. ಬ್ಯಾಟರಿ ಮೇಲೆ 13.8 ವೋಲ್ಟ್. ಪಂಪಿನ ಹತ್ರ 11.2!

ಈ ಅಂಕಿ ಕಂಡಾಗಲೇ ಕೇಸ್ ತಿರುಗಿದ್ದು. ಮೋಟಾರಿಗೆ ಸಿಗಬೇಕಾದ ವೋಲ್ಟೇಜಲ್ಲಿ ಎರಡೂವರೆಗಿಂತ ಹೆಚ್ಚು ದಾರೀಲೇ ಕಳೆದುಹೋಗ್ತಿದೆ, ಇಂಥಾ ಕಡೆ ಎಷ್ಟು ಒಳ್ಳೇ ಪಂಪ್ ತಂದು ಕೂರಿಸಿದ್ರೂ ಅದು ಸುಸ್ತಾಗೇ ತಿರುಗೋದು. ಅರ್ತ್ ಕಡೆ ನೋಡಿದ್ರೆ 0.1 ವೋಲ್ಟ್ ಮಾತ್ರ ನಷ್ಟ, ಅದು ಸರಿ ಇದೆ. ಪಂಪಿಗೆ ಕರೆಂಟ್ ಬಿಡೋ ರಿಲೇಯಿಂದ ಹೊರಗೆ ಬರೋ ಕಡೆ 13.6, ಅದೂ ಸರಿ. ಹಾಗಾದ್ರೆ ರಿಲೇಗೂ ಪಂಪಿಗೂ ಮಧ್ಯ ಎಲ್ಲೋ.

ಕಾರ್ಪೆಟ್ ಎತ್ತಿ ವೈರ್ ಹಿಡ್ಕೊಂಡು ಬಂದ್ರೆ ಹಿಂದಿನ ಸೀಟ್ ಕೆಳಗೇ, ಪಂಪ್ ಮುಚ್ಚಳದಿಂದ ಒಂದು ಗೇಣು ದೂರದಲ್ಲಿ, ಕಪ್ಪು ಟೇಪ್ ಸುತ್ತಿದ ಗಂಟು. ಟೇಪ್ ಮೆತ್ತಗಾಗಿ ಅಂಟು ಕರಗಿ ಕೆಳಗಿನ ಫೆಲ್ಟಿಗೆ ಹಿಡ್ಕೊಂಡಿತ್ತು. ಬಿಡಿಸಿದ್ರೆ ಕಂಪನಿ ವೈರ್ ಕತ್ತರಿಸಿ, ಸ್ಪೀಕರಿಗೆ ಹಾಕೋ ಥರದ ಎರಡು ಸಪೂರ ವೈರ್ ಬರೀ ಕೈಯಲ್ಲಿ ತಿರುಚಿ ಸೇರಿಸಿದ್ದಾರೆ, ತಾಮ್ರ ಎಲ್ಲ ಹಸಿರು ಕಿಲುಬು, ಒಂದು ಕಡೆ ವೈರಿನ ಮೈ ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು. ಆ ವೈರುಗಳು ಮುಂದಕ್ಕೆ ಹೋಗಿ ಡ್ಯಾಶ್ ಕೆಳಗಿನ ಒಂದು ಸಣ್ಣ ಸ್ವಿಚ್ಚಿಗೆ. ಕಳ್ಳರು ಗಾಡಿ ಒಯ್ಯಬಾರದು ಅಂತ ಹಿಂದಿನ ಓನರ್ ಹಾಕ್ಸಿದ ಕಟ್‌ಆಫ್ ಸ್ವಿಚ್ ಅದು. ಮೇಷ್ಟ್ರು ಅದನ್ನ ಫಾಗ್ ಲ್ಯಾಂಪ್ ಸ್ವಿಚ್ ಅಂದ್ಕೊಂಡು ಮುಟ್ಟೇ ಇರ್ಲಿಲ್ಲ.

ಲೆಕ್ಕ ಹಾಕಿ. ಪಂಪ್ ಎಳೀತಿದ್ದಿದ್ದು ಸುಮಾರು 5 ಆಂಪಿಯರ್, ರಿಲೇಯಿಂದ ಪಂಪಿನವರೆಗೆ ಕಳೆದುಹೋಗ್ತಿದ್ದಿದ್ದು 2.3 ವೋಲ್ಟ್. ಗುಣಿಸಿದ್ರೆ ಹನ್ನೊಂದು ವ್ಯಾಟ್ ಚಿಲ್ಲರೆ ಶಾಖ, ಅದರಲ್ಲಿ ಬಹುಪಾಲು ಆ ಗಂಟಲ್ಲಿ. ಮನೇಲಿ ಒಂದು ಸಣ್ಣ ಸೋಲ್ಡರಿಂಗ್ ಐರನ್ ಬಿಸಿಯಾಗೋದು ಇದಕ್ಕಿಂತ ಸ್ವಲ್ಪ ಜಾಸ್ತಿ ವ್ಯಾಟಲ್ಲಿ, ಅಷ್ಟೇ. ಅದು ಟ್ಯಾಂಕ್ ಮುಚ್ಚಳದಿಂದ ಒಂದು ಗೇಣು ದೂರದಲ್ಲಿ, ಫೆಲ್ಟಿನ ಮೇಲೆ, ಮೊಮ್ಮಕ್ಕಳು ಕೂರೋ ಸೀಟಿನ ಕೆಳಗೆ.

ಸ್ವಿಚ್ ವೈರ್ ಪೂರಾ ಕಿತ್ತು ಹಾಕಿದ್ವಿ. ಸರಿಯಾದ ದಪ್ಪದ ವೈರ್, ಕ್ರಿಂಪ್ ಮಾಡಿದ ಜಾಯಿಂಟ್, ಮೇಲೆ ಶಾಖಕ್ಕೆ ಕುಗ್ಗೋ ಸ್ಲೀವ್. ಪಂಪ್ ಹತ್ರ ಈಗ 13.4.

ಇಲ್ಲಿಗೇ ನಿಲ್ಲಿಸೋಣ್ವಾ

ಗಾಡಿ ಬದಲಾಗೇ ಹೋಯ್ತು. ಮೇಷ್ಟ್ರು ಖುಷಿಯಾಗಿ "ಸಾಕು ಬಿಡಪ್ಪ, ಪಂಪ್ ವಾಪಸ್ ಕಳಿಸ್ತೀನಿ" ಅಂದ್ರು. ಹುಡುಗನಿಗೂ ಹಾಗೇ ಅನಿಸಿತ್ತು. ಗೇಜ್ ಇನ್ನೂ ಹಾಕಿದ್ದಹಾಗೇ ಇತ್ತು, ಅರ್ಧ ಗಂಟೆ ಓಡಿಸೋಣ ಅಂದೆ. ತಣ್ಣಗಿದ್ದಾಗ 3.1, ಬಿಸಿ ಏರ್ತಾ ಏರ್ತಾ 2.6. ಆಫ್ ಮಾಡಿದ್ರೆ ಎರಡು ನಿಮಿಷಕ್ಕೆ ಸೊನ್ನೆ. ಆ ಲೈನಲ್ಲಿ ಹೊರಗೆ ಎಲ್ಲೂ ಸೋರಿಕೆ ಇಲ್ಲ, ಹಾಗಾಗಿ ಪೆಟ್ರೋಲ್ ವಾಪಸ್ ಇಳಿಯದ ಹಾಗೆ ತಡೆಯೋ ಪಂಪಿನ ಒಳಗಿನ ಚೆಕ್ ವಾಲ್ವ್ ಹಿಡೀತಿಲ್ಲ, ಮೋಟಾರೂ ಬಿಸಿಗೆ ಸೋಲ್ತಿದೆ. ಸಪಾಟು ರಸ್ತೆಗೆ ಇದು ಇನ್ನೂ ಒಂದಷ್ಟು ಕಾಲ ನಡೀತಿತ್ತು. "ಮೇಷ್ಟ್ರೇ, ಮೂಡಿಗೆರೆಗೆ ಹೋಗಿಬರೋಕೆ ಸಾಕು, ಚಾರ್ಮಾಡಿಗೆ ಸಾಲಲ್ಲ" ಅಂದೆ. ಮೇಷ್ಟ್ರ ಹೆಂಡ್ತಿ ಒಳಗಿಂದಾನೇ "ಹಾಕ್ಸಿಬಿಡಿ ರೀ" ಅಂದ್ರು, ಅಲ್ಲಿಗೆ ತೀರ್ಮಾನ ಆಯ್ತು.

ಯಾವ ಪಂಪ್ ಅನ್ನೋದು ಮುಂದಿನ ಪ್ರಶ್ನೆ. ಆನ್‌ಲೈನ್ ಮೋಟಾರಿನ ಮೇಲೆ ಪ್ರೆಷರ್ ಎಷ್ಟು ಅಂತ ಬರೆದಿರ್ಲಿಲ್ಲ, ಜೊತೆಗೆ ಬಂದಿದ್ದ ಹೋಸ್ ತುಂಡು ಸಾಧಾರಣ ಪೆಟ್ರೋಲ್ ಹೋಸಿನ ಹಾಗೇ ಇತ್ತು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಇಂಜಿನ್ ಕಡೆ ಹಾಕೋ ಪೆಟ್ರೋಲ್ ಹೋಸ್ ಒಳಗಿನಿಂದ ಮಾತ್ರ ಪೆಟ್ರೋಲ್ ತಡೆಯುತ್ತೆ, ಟ್ಯಾಂಕಲ್ಲಿ ಮುಳುಗಿಸಿದ್ರೆ ಹೊರಮೈ ಊದಿ ಮೆತ್ತಗಾಗಿ ಕ್ಲಿಪ್ಪಿಂದ ಜಾರುತ್ತೆ, ಹೊಸ ಪಂಪ್ ಹಾಕಿ ಕೆಲವೇ ತಿಂಗಳಿಗೆ ಮತ್ತೆ ಪ್ರೆಷರ್ ಇಲ್ಲ. ಮುಳುಗೋದಕ್ಕೆ ಅಂತಲೇ ಬೇರೆ ಹೋಸ್ ಬರುತ್ತೆ. ಕೊನೆಗೆ ಹಾಸನದ ಸ್ಪೇರ್ಸ್ ಅಂಗಡಿಯಿಂದ ಕಂಪನಿ ಅಸೆಂಬ್ಲಿ ತಂದ್ರು, ಮೋಟಾರು, ಜಾಲರಿ, ರೆಗ್ಯುಲೇಟರ್, ಫ್ಲೋಟ್ ಎಲ್ಲ ಸೇರಿ, ಮೇಲೆ ಸೋರದ ಹಾಗೆ ತಡೆಯೋ ರಬ್ಬರ್ ಬಳೆ, ಅಂದ್ರೆ ಹೊಸ ಓ-ರಿಂಗ್. ದುಡ್ಡು ಹಲವು ಪಟ್ಟು. ಹಳೇ ಗಾಡಿಗೆ ಇಷ್ಟು ಯಾಕೆ ಅನ್ನೋರಿಗೆ ನನ್ನ ಉತ್ತರ ಇಷ್ಟೇ, ಟ್ಯಾಂಕ್ ತೆರೆಯೋ ಕೆಲಸ ಒಂದೇ ಸಲಕ್ಕೆ ಮುಗೀಬೇಕು.

ಶೆಡ್ಡಿಂದ ಕಣಕ್ಕೆ

ಮಾರನೇ ಬೆಳಗ್ಗೆ ಹುಡುಗ ಶೆಡ್ಡಲ್ಲಿ ಎಲ್ಲ ಜೋಡಿಸಿ ಇಟ್ಟಿದ್ದ. ಶೆಡ್ಡಿಗೆ ಅಂಟ್ಕೊಂಡೇ ಬಚ್ಚಲುಮನೆ, ಹಂಡೆ ಒಲೇಲಿ ಕಾಫಿ ಗಿಡದ ಕೊರಡು ನಿಗಿನಿಗಿ ಉರೀತಿತ್ತು. ನಮ್ಮ ಕಡೆ ಈ ಒಲೆ ಬೆಳಗ್ಗೆಯಿಂದ ಸಂಜೆವರೆಗೂ ಆರೋದೇ ಇಲ್ಲ, ಅದಕ್ಕೇ ಯಾರ ಗಮನಕ್ಕೂ ಬರಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲಕ್ಕೆ ಹೋಗಲ್ಲ, ನೆಲ ಹಿಡ್ಕೊಂಡು ಹರಿಯುತ್ತೆ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳೀಲೂ ಹತ್ತಿಕೊಳ್ಳೋ ಅಷ್ಟು ಆವಿ ಬಿಡುತ್ತೆ. ಬಾಗಿಲ ಸಂದೀಲಿ ಒಲೆ ತನಕ ಹೋಗೋದಕ್ಕೆ ಅದಕ್ಕೆ ಹೆಚ್ಚು ಹೊತ್ತು ಬೇಡ. ಗಾಡೀನ ನ್ಯೂಟ್ರಲ್ ಮಾಡಿ ಎಲ್ಲರೂ ಸೇರಿ ಕಾಫಿ ಕಣಕ್ಕೆ ತಳ್ಳಿದ್ವಿ. ಕೊಯ್ಲು ಮುಗಿದು ಕಣ ಖಾಲಿ ಇತ್ತು, ನಾಲ್ಕೂ ಕಡೆ ಗಾಳಿ, ಸಪಾಟು ನೆಲ, ಇಂಥಾ ಕೆಲಸಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಒಲೆ ಆರಿಸಿ ಕೆಂಡಕ್ಕೆ ನೀರು ಹಾಕಿದ್ರು. ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್ ತರಿಸಿ ಕೈಗೆ ಸಿಗೋ ಹಾಗೆ ಇಟ್ವಿ, ಪೆಟ್ರೋಲ್ ಬೆಂಕಿಗೆ ನೀರು ಹಾಕಿದ್ರೆ ಹರಡುತ್ತೆ. ಮೊಬೈಲ್ ಎಲ್ಲ ಜಗಲಿ ಮೇಲೆ.

ಪಂಪಿನ ಫ್ಯೂಸ್ ಕಿತ್ತು ಇಂಜಿನ್ ತಾನಾಗೇ ನಿಲ್ಲೋವರೆಗೆ ಓಡಿಸಿ ಲೈನ್ ಪ್ರೆಷರ್ ಇಳಿಸಿದ್ವಿ, ಆಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿದ್ವಿ. ಟ್ಯಾಂಕಲ್ಲಿದ್ದ ಪೆಟ್ರೋಲ್ ತೆಗೀಬೇಕು. ಮೇಷ್ಟ್ರ ತೋಟದ ಆಳು ಪೈಪ್ ತಂದು ಬಾಯಿಗಿಟ್ಟೇಬಿಟ್ಟ, ಸ್ಪ್ರೇ ಪಂಪಿಗೆ ಹಾಕುವಾಗ ಯಾವಾಗ್ಲೂ ಹೀಗೇ ಮಾಡೋದಂತೆ. ಕೈ ಹಿಡಿದು ನಿಲ್ಲಿಸಿದೆ. ಒಂದು ಗುಟುಕು ಪೆಟ್ರೋಲ್ ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ ಥರ ಆಗಿ ಜೀವಕ್ಕೇ ಬರುತ್ತೆ, ಹಾಗಾದವರಿಗೆ ವಾಂತಿ ಮಾಡಿಸೋಕೂ ಹೋಗಬಾರದು, ಸೀದಾ ಆಸ್ಪತ್ರೆ. ರಬ್ಬರ್ ಬಲ್ಬಿನ ಕೈಪಂಪ್ ಕಡಿಮೆ ದುಡ್ಡಿಗೆ ಸಿಗುತ್ತೆ, ಅದರಲ್ಲಿ ಕಬ್ಬಿಣದ ಕ್ಯಾನಿಗೆ ಇಳಿಸಿದ್ವಿ.

ಮುಚ್ಚಳದ ಸುತ್ತ ವರ್ಷಗಟ್ಟಲೆ ಧೂಳು. ತೆರೆಯೋಕೆ ಮುಂಚೆ ಹುಡುಗ ಬ್ರಷ್ಷಲ್ಲಿ ಒದ್ದೆ ಬಟ್ಟೇಲಿ ಪೂರ್ತಿ ತೆಗೆದು, ಅಸೆಂಬ್ಲಿ ಯಾವ ಕಡೆ ಮುಖ ಮಾಡಿದೆ ಅಂತ ಪೆನ್ನಲ್ಲಿ ಗುರುತು ಹಾಕಿ, ಹೋಸ್ ಕ್ಲಿಪ್ಪಿನ ಎರಡೂ ಕಿವಿ ಒತ್ತಿ ಬಿಡಿಸಿ, ಪಂಪಿನ ತಲೆ ಬಿಗಿಯಾಗಿ ಹಿಡಿಯೋ ಲಾಕ್ ರಿಂಗನ್ನ ಮರದ ತುಂಡಿಟ್ಟು ತಟ್ಟಿ ತಿರುಗಿಸಿದ. ಅಲ್ಲಿ ಕಬ್ಬಿಣದ ಉಳಿ ಇಟ್ಟು ಹೊಡೆಯೋದು ಬೇಡವೇ ಬೇಡ, ರಿಂಗ್ ಒಡೆಯೋದು ಒಂದು, ಕಿಡಿ ಇನ್ನೊಂದು. ಫ್ಲೋಟಿನ ಕಡ್ಡಿ ಬಾಗದ ಹಾಗೆ ಓರೆ ಮಾಡಿ ಎತ್ತಿದ.

ಜಾಲರಿ ಪೂರ್ತಿ ಕಂದು. ಬೆರಳಲ್ಲಿ ಉಜ್ಜಿದ್ರೆ ನುಣ್ಣನೆ ತುಕ್ಕಿನ ಪುಡಿ. ಇಳಿಸಿದ ಪೆಟ್ರೋಲನ್ನ ಗಾಜಿನ ಬಾಟಲಿಗೆ ಹಾಕಿ ಇಟ್ರೆ ತಳದಲ್ಲಿ ಬೇರೇ ಒಂದು ಪದರ ಕೂತಿತ್ತು. ಎಥೆನಾಲ್ ನೀರನ್ನ ಎಳ್ಕೊಳ್ಳುತ್ತೆ, ಒಂದು ಮಿತಿವರೆಗೆ ಪೆಟ್ರೋಲಲ್ಲೇ ಕರಗಿಸಿ ಇಟ್ಕೊಳ್ಳುತ್ತೆ, ಮಿತಿ ಮೀರಿದ್ರೆ ನೀರೂ ಎಥೆನಾಲೂ ಸೇರಿ ತಳಕ್ಕೆ ಕೂರುತ್ತೆ. ಮುಕ್ಕಾಲು ಖಾಲಿ ಟ್ಯಾಂಕು, ಮಲೆನಾಡಿನ ಮಳೆಗಾಲದ ತೇವ, ತಗಡಿನ ಟ್ಯಾಂಕಿನ ಒಳಮೈ. ಪೆಟ್ರೋಲನ್ನ ದೂರಿದವರ ಮಾತಲ್ಲೂ ಸ್ವಲ್ಪ ನಿಜ ಇತ್ತು ಅಂತ ಆಗ ಒಪ್ಪಿಕೊಳ್ಳಬೇಕಾಯ್ತು, ಆದ್ರೆ ಗಾಡಿ ನಿಂತೇ ಇದ್ದಿದ್ದೂ ಟ್ಯಾಂಕ್ ಖಾಲಿ ಇದ್ದಿದ್ದೂ ಅದರ ಜೊತೆ ಸೇರಿದ್ವು. ನೂಲು ಬಿಡದ ಬಟ್ಟೇಲಿ ತಳ ಒರೆಸಿದ್ವಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ತರ್ಲಾ ಅಂತ ಯಾರೋ ಕೇಳಿದ್ರು, ಅದರ ಮೋಟಾರಲ್ಲಿ ಕಿಡಿ ಇರುತ್ತೆ, ಪೆಟ್ರೋಲ್ ಹತ್ರ ಅದು ಸುಳಿಯಬಾರದು.

ಹೊಸ ಪಂಪ್ ಕೂರಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಕೆಲವು ಸಲ ಆನ್ ಮಾಡಿ, ಮುಚ್ಚಳದ ಸುತ್ತ ಒದ್ದೆ ಇದೆಯಾ ಅಂತ ಬೆರಳಾಡಿಸಿ ನೋಡಿ, ಆಮೇಲೆ ಸ್ಟಾರ್ಟ್. ಗೇಜಲ್ಲಿ 3.5, ಬಿಸಿ ಆದ್ಮೇಲೂ ಅಷ್ಟೇ. ಆಫ್ ಮಾಡಿ ಹತ್ತು ನಿಮಿಷ ಬಿಟ್ರೂ 3ರ ಮೇಲೇ ನಿಂತಿತ್ತು.

ಫುಲ್ ಟ್ಯಾಂಕ್ ಹಾಕ್ಸಿದ ಮೇಲೆ

ಬಹಳ ಕಡೆ ಕೆಲಸ ಇಲ್ಲಿಗೆ ಮುಗೀತು ಅಂತ ಸೀಟ್ ಹಾಕಿಬಿಡ್ತಾರೆ. ಕಾಲು ಟ್ಯಾಂಕಲ್ಲಿ ಪೆಟ್ರೋಲ್ ಮುಚ್ಚಳದ ಹತ್ರಾನೇ ಬರಲ್ಲ, ಹಾಗಾಗಿ ಓ-ರಿಂಗ್ ಸರಿ ಕೂತಿದೆಯಾ ಅನ್ನೋದು ಗೊತ್ತೇ ಆಗಲ್ಲ. ಸೀಟ್ ಹಾಕದೆ, ಹಿಂದೆ ಯಾರನ್ನೂ ಕೂರಿಸದೆ, ಕಿಟಕಿ ಇಳಿಸ್ಕೊಂಡು ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಹಾಕ್ಸಿ, ತೋಟದ ದಾರಿಯ ಏರಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದ್ವಿ. ಸ್ವಲ್ಪ ಹೊತ್ತಿಗೆ ಘಮ್ ಅಂತ ಪೆಟ್ರೋಲ್ ವಾಸನೆ, ಮುಚ್ಚಳದ ಹಿಂದಿನ ಅಂಚಲ್ಲಿ ಬೆವರಿನ ಹಾಗೆ ಒಂದು ಗೆರೆ.

ಹುಡುಗನ ಮುಖ ಸಣ್ಣಗಾಯ್ತು. ಲಾಕ್ ರಿಂಗ್ ತಿರುಗಿಸುವಾಗ ಅಸೆಂಬ್ಲಿ ಕೂದಲೆಳೆಯಷ್ಟು ತಿರುಗಿ ಓ-ರಿಂಗ್ ಒಂದು ಕಡೆ ಚಿವುಟಿ ಹೋಗಿತ್ತು. ಆಗ ಎರಡು ಆಸೆ ಬಂತು. ಒಂದು, ರಿಂಗನ್ನೇ ಇನ್ನಷ್ಟು ಬಿಗಿ ಮಾಡೋದು. ಇನ್ನೊಂದು, ಹಳೇ ಓ-ರಿಂಗ್ ಇತ್ತಲ್ಲ ಅದನ್ನೇ ಹಾಕೋದು. ಹಳೇದನ್ನ ತಂದು ಅದು ಕೂರೋ ತೋಡಿಗೆ ಹಿಡಿದ್ರೆ ಬೆರಳ ಅಗಲದಷ್ಟು ದೊಡ್ಡದಾಗಿತ್ತು. ಪೆಟ್ರೋಲ್ ಕುಡಿದ ರಬ್ಬರ್ ಹೊರಗೆ ಬಂದ ಮೇಲೆ ಊದಿಕೊಂಡು ಮತ್ತೆ ತೋಡಲ್ಲಿ ಕೂರಲ್ಲ. ಹಾಗಾಗಿ ಟ್ಯಾಂಕಿನ ಪೆಟ್ರೋಲ್ ಮತ್ತೆ ಇಳಿಸಿ, ಗಾಡೀನ ಕಣದಲ್ಲೇ ಟಾರ್ಪಲ್ ಕೆಳಗೆ ಬಿಟ್ಟು, ಹಾಸನದಿಂದ ಬರೋ ಬಸ್ಸಲ್ಲಿ ಇನ್ನೊಂದು ಓ-ರಿಂಗ್ ತರಿಸಿದ್ವಿ. ಈ ಸಲ ಒಬ್ಬರು ಅಸೆಂಬ್ಲಿ ತಲೆ ಅಲ್ಲಾಡದ ಹಾಗೆ ಎರಡೂ ಕೈಲಿ ಒತ್ತಿ ಹಿಡ್ಕೊಂಡ್ರು, ಇನ್ನೊಬ್ಬರು ಲಾಕ್ ರಿಂಗ್ ತಿರುಗಿಸಿದ್ರು, ಪೆನ್ನಿನ ಗುರುತು ಗುರುತಿಗೇ ನಿಂತಿತ್ತು. ಮತ್ತೆ ಫುಲ್ ಟ್ಯಾಂಕ್, ಮತ್ತೆ ಅದೇ ಏರು, ರಾತ್ರಿ ಪೂರ್ತಿ ಅಲ್ಲೇ. ಬೆಳಗ್ಗೆ ನೋಡಿದ್ರೆ ಒಣಗಿತ್ತು. ಆಮೇಲೇ ತಗಡು, ಆಮೇಲೇ ಸೀಟ್.

ಗಾಡಿ ಈಗ ಚಾರ್ಮಾಡಿ ಹತ್ತುತ್ತೆ, ಎರಡನೇ ಗೇರಲ್ಲಿ ಎಲ್ಲೂ ತಡವರಿಸದೆ. ಮೇಷ್ಟ್ರು ಈಗ ಅರ್ಧ ಟ್ಯಾಂಕಿಗಿಂತ ಕೆಳಗೆ ಬಿಡಲ್ಲ, ಮಳೆಗಾಲಕ್ಕೆ ಮುಂಚೆ ಫುಲ್ ಮಾಡಿ ನಿಲ್ಲಿಸ್ತಾರೆ.

ಈ ಕೇಸಿಂದ ನಾನು ಕೆಲಸದಲ್ಲಿ ಗಟ್ಟಿ ಮಾಡ್ಕೊಂಡಿದ್ದು ಸರದಿ. ಪಂಪ್ ಕೊಳ್ಳೋಕೆ ಮುಂಚೆ ಪ್ರೆಷರ್, ಪ್ರೆಷರ್ ಕಡಿಮೆ ಬಂದ್ರೆ ಓಡ್ತಿರುವಾಗಿನ ವೋಲ್ಟೇಜ್, ವೋಲ್ಟೇಜ್ ಸರಿಮಾಡಿದ ಮೇಲೆ ಬಿಸೀಲಿ ಮತ್ತೆ ಪ್ರೆಷರ್. ಕನೆಕ್ಟರ್ ಕಿತ್ತು ಅಳೆದ್ರೆ ಏನೂ ಗೊತ್ತಾಗಲ್ಲ, ಕರೆಂಟ್ ಹರಿಯದೆ ಇದ್ದಾಗ ಆ ಕೊಳೆತ ಗಂಟೂ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ಆದ್ರೆ ಡ್ಯಾಶ್ ಕೆಳಗೆ ಕೆಲಸ ಗೊತ್ತಿಲ್ಲದ ಸ್ವಿಚ್ ಇದೆಯಾ ಅಂತ ಮೊದಲೇ ನೋಡ್ತೀನಿ.

ಇನ್ನು ಎಲ್ಲರೂ ಮನೇಲಿ ಮಾಡಬಹುದಾ ಅಂತ ಕೇಳ್ತಾರೆ. ಸೀಟ್ ಕೆಳಗೆ ಮುಚ್ಚಳ ಇರೋ ಗಾಡಿ, ಬಯಲು ಜಾಗ, ಕೆಲಸ ಗೊತ್ತಿರೋ ಇನ್ನೊಬ್ಬರು ಇದ್ರೆ ಆಗುತ್ತೆ. ಮುಚ್ಚಳ ಇಲ್ಲದೆ ಟ್ಯಾಂಕೇ ಇಳಿಸಬೇಕಾದ ಗಾಡಿಗೆ ಜಾಕ್ ಕೊಟ್ಟು ಕೆಳಗೆ ಮಲಗೋ ಕೆಲಸ ಮನೇಲಿ ಬೇಡ, ಜಾಕ್ ಜಾರಬಹುದು, ಪೆಟ್ರೋಲ್ ಮೈಮೇಲೆ ಬೀಳಬಹುದು. ಅಂಥ ಗಾಡಿಗೆ ಅಳೆಯೋ ಭಾಗ ಮಾತ್ರ ಮನೇಲಿ ಮುಗಿಸಿ, ಪ್ರೆಷರ್ ವೋಲ್ಟೇಜ್ ಎರಡೂ ಚೀಟೀಲಿ ಬರೆದು ಗ್ಯಾರೇಜಿನವರ ಕೈಗೆ ಕೊಡಿ, ಹಾಕಿದ ಮೇಲೆ ಫುಲ್ ಟ್ಯಾಂಕಲ್ಲಿ ಏರಿನ ಮೇಲೆ ನಿಲ್ಲಿಸಿ ತೋರಿಸಿ ಅಂತ ಕೇಳಿ.